ದುಂಡು ಮೂಲೆಯ ಪಟ್ಟಿ

ಹಲ್ಲಿನ ಡಾಕ್ಟರ ವಿಮಾನಕ್ಕೆ ಹೊಗೆ ಪೈಪು ಕೂರಿಸುವ ಕೆಲಸವನ್ನು ನನ್ನ ಮೈದುನ ಒಪ್ಪಿಕೊಂಡಿದ್ದಾನೆ ಅಂತ ಗೊತ್ತಾದಾಗ ನಾನು ಶಾಲೆ ಯೂನಿಫಾರ್ಮಿನ ಕಾಲರು ಕತ್ತರಿಸುತ್ತಿದ್ದೆ. ಸುದ್ದಿ ತಂದವರು ಡಾಕ್ಟರೇ. ಮಗಳ ಸ್ಕರ್ಟಿನ ಅಂಚು ಬಿಚ್ಚಿಸಿ ಉದ್ದ ಮಾಡಿಸಲು ಬಂದವರು ಬಾಗಿಲಲ್ಲೇ ನಿಂತು, "ನಿಮ್ಮ ಮೈದುನ ಒಪ್ಕೊಂಡ್ರು. ಇನ್ನು ನನಗೆ ಚಿಂತೆ ಇಲ್ಲ. ಅವರ ಕೈ ಕೆಲಸ ಅಂದ್ರೆ ಅಲ್ಲಾಡೋ ಮಾತೇ ಇಲ್ಲ," ಅಂದರು. ಆ ಮನುಷ್ಯ ಬೆಳಗಿಂದ ಸಂಜೆವರೆಗೆ ಅಲ್ಲಾಡುವ ಹಲ್ಲು ಕೀಳುವವರು. ಅಲ್ಲಾಡುವುದೆಲ್ಲ ಕೆಟ್ಟದ್ದು ಅಂತಲೇ ಅವರ ಲೆಕ್ಕ.

ನಾನು ನಕ್ಕೆ. ಮನೆಗೆ ಬಂದ ಗಿರಾಕಿಯ ಮುಂದೆ ನಗದೆ ವಿಧಿಯಿಲ್ಲ. ಅವರು ಹೋದ ಮೇಲೆ ನೋಡಿದರೆ ಕಾಲರನ್ನು ಅಡ್ಡಾದಿಡ್ಡಿ ಕತ್ತರಿಸಿಟ್ಟಿದ್ದೆ. ಅದನ್ನು ಮುದುರಿ ಬುಟ್ಟಿಗೆ ಹಾಕಿ ಒಳಗೆ ಹೋದೆ. ನಮ್ಮವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ನಾನು ಬೆಳಿಗ್ಗೆ ಕೂರಿಸಿದ ಹಾಗೇ.

"ಡಾಕ್ಟರು ಬಂದಿದ್ರು," ಅಂದೆ.

"ಹೂಂ," ಅಂದರು.

"ನಿಮ್ಮ ತಮ್ಮ ಭದ್ರ ಆ ಡಾಕ್ಟರ ವಿಮಾನಕ್ಕೆ ಪೈಪು ಕೂರಿಸ್ತಾನಂತೆ."

"ಹೂಂ."

ಈಗ ಅವರ ಬಾಯಲ್ಲಿ ಉಳಿದಿರುವುದು ಅದೊಂದೇ. ಕಿಟಕಿ ಮುಚ್ಚಲಾ ಅಂದರೂ ಹೂಂ, ತೆಗೆಯಲಾ ಅಂದರೂ ಹೂಂ. ಒಂದು ದಿನ ಸಿಟ್ಟು ನೆತ್ತಿಗೇರಿ, ನಾನು ಯಾರು ಹೇಳಿ ನೋಡೋಣ ಅಂದೆ. ಅದಕ್ಕೂ ಹೂಂ ಅಂದರು. ಆಮೇಲೆ ಆ ಪ್ರಶ್ನೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ನಮ್ಮವರು ಲಿಫ್ಟ್ ಮೆಕ್ಯಾನಿಕ್ಕು. ಜನರನ್ನು ಪೆಟ್ಟಿಗೆಯಲ್ಲಿ ಹಾಕಿ ಮೇಲೆ ಕೆಳಗೆ ಮಾಡುತ್ತಾ ಅರ್ಧ ಆಯುಸ್ಸು ಕಳೆದವರು. ಹಗ್ಗವಿಲ್ಲದೆ ಮೇಲೆ ಹೋಗಬೇಕು ಅನ್ನುವ ಹುಚ್ಚು ಅಲ್ಲೇ ಹತ್ತಿರಬೇಕು. ಮನೆ ಹಿಂದಿನ ಶೆಡ್ಡಿನಲ್ಲಿ ಒಬ್ಬರೇ ಕೂರುವ ಒಂದು ಪುಟ್ಟ ವಿಮಾನವನ್ನು ಅವರೇ ಕಟ್ಟಿದರು. ಎಷ್ಟು ವರ್ಷ ಅಂತ ಕೇಳಬೇಡಿ. ಆ ವರ್ಷಗಳಲ್ಲಿ ನಾನು ಕಾರಿಡಾರಿನಲ್ಲಿ ಒಂದು ರೆಕ್ಕೆಯನ್ನು ದಾಟಿಕೊಂಡೇ ಅಡುಗೆಮನೆಗೆ ಹೋಗುತ್ತಿದ್ದೆ. ಬಯ್ಯುತ್ತಲೇ ಇದ್ದೆ, ಕೊನೆಗೆ ರೆಕ್ಕೆಗೆ ಬಟ್ಟೆ ಹೊದಿಸಿ ಹೊಲಿದವಳೂ ನಾನೇ. ನಮಗೆ ಮಕ್ಕಳಿಲ್ಲ. ಬೇರೆ ಯಾರಿಗೆ ಹೊಲಿಯಬೇಕಿತ್ತು.

ಕಬ್ಬಿಣದ ಕೆಲಸ ಎಲ್ಲ ಮೈದುನನದು. ಅವನದು ವೆಲ್ಡಿಂಗ್ ಅಂಗಡಿ. ಆಸ್ಪತ್ರೆ ಮಂಚ, ಮೆಟ್ಟಿಲಿನ ಕಂಬಿ, ವಯಸ್ಸಾದವರು ಹಿಡಿದು ನಡೆಯುವ ಚೌಕಟ್ಟು, ಇಂಥವು. ಏನು ಮಾಡಿ ಮುಗಿಸಿದರೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ "ಭದ್ರ ಆಯ್ತು ಬಿಡಿ" ಅನ್ನುತ್ತಾನೆ. ಅದಕ್ಕೇ ಊರೆಲ್ಲ ಅವನನ್ನು ಭದ್ರ ಅನ್ನುತ್ತದೆ. ಅವನು ಮಾಡಿದ ಕಂಬಿ ಅಲ್ಲಾಡಿದರೆ ಯಾರೋ ಒಬ್ಬ ಮುದುಕ ಬಿದ್ದು ಸೊಂಟ ಮುರಿದುಕೊಳ್ಳುತ್ತಾನೆ. ಆ ಭಯದಲ್ಲೇ ಅವನು ಕೆಲಸ ಕಲಿತದ್ದು. ಇನ್ನೊಂದು ಅಭ್ಯಾಸ ಇದೆ ಅವನಿಗೆ. ಯಾವ ತಗಡಿನ ಪಟ್ಟಿ ಕತ್ತರಿಸಿದರೂ ನಾಲ್ಕು ಮೂಲೆಗಳನ್ನೂ ಅರದಲ್ಲಿ ಉಜ್ಜಿ ದುಂಡು ಮಾಡುತ್ತಾನೆ. ರೋಗಿಗಳ ಚರ್ಮಕ್ಕೆ ತಾಗಬಾರದು, ಬಟ್ಟೆ ಸಿಕ್ಕಿಕೊಳ್ಳಬಾರದು ಅಂತ. ಯಾರ ಕೈಯೂ ಹೋಗದ ಜಾಗದ ಪಟ್ಟಿಗೂ ದುಂಡು ಮೂಲೆಯೇ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಶಾಲೆಗೆ ಹೋಗುತ್ತಿದ್ದ. ಅಪ್ಪ ಆಗಲೇ ಇರಲಿಲ್ಲ. ಅಣ್ಣನೇ ಅವನಿಗೆ ಎಲ್ಲ. ನನ್ನ ಹೊಲಿಗೆ ಯಂತ್ರದಲ್ಲಿ ಹೊಲಿದ ಮೊದಲ ಯೂನಿಫಾರ್ಮು ಅವನದ್ದೇ. ಮದುವೆ ಮಾಡ್ಕೊಳ್ಳೋ ಅಂದಾಗಲೆಲ್ಲ ಜಾರಿಕೊಂಡು ಮಹಡಿ ಕೋಣೆಯಲ್ಲೇ ಉಳಿದ.

ವಿಮಾನ ಹಾರಲು ಶುರುವಾದ ಹೊಸದರಲ್ಲಿ ಎಲ್ಲ ಸರಿಯಿತ್ತು. ಊರಾಚೆ ಒಂದು ಹಳೆಯ ರನ್‌ವೇ, ಪಕ್ಕದಲ್ಲಿ ಸಾಲಾಗಿ ಶೆಡ್ಡುಗಳು. ಒಂದರಲ್ಲಿ ನಮ್ಮದು, ಪಕ್ಕದ್ದರಲ್ಲಿ ಡಾಕ್ಟರದು ಇನ್ನೂ ಅರ್ಧ ಕಟ್ಟಿದ್ದು. ಒಂದು ದಿನ ನಮ್ಮವರು ಬಾನೆಟ್ಟು ತೆಗೆದು ನೋಡಿದರೆ ಹೊಗೆ ಪೈಪು ಎಂಜಿನ್ನಿಗೆ ಸೇರುವ ಕಡೆ ಕೂದಲೆಳೆಯಷ್ಟು ಬಿರುಕು. ಭದ್ರ ಬಿಚ್ಚಿಕೊಂಡು ಹೋಗಿ ವೆಲ್ಡ್ ಮಾಡಿ ತಂದ. ನಮ್ಮವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಪೈಪು ಸುಮ್ಮನೆ ಸೀಳುವುದಿಲ್ಲ, ಅದರ ಭಾರ ಹೊರುವವರು ಯಾರೂ ಇಲ್ಲದೆ ಸೀಳಿದೆ ಅಂದರು. ಎಂಜಿನ್ನಿನ ಹೊಟ್ಟೆಯಿಂದಲೇ ಕಡ್ಡಿಗಳನ್ನು ಇಳಿಬಿಟ್ಟು, ಕಡ್ಡಿಯ ನಡುವೆ ರಬ್ಬರ್ ತುಂಡು ಕೊಟ್ಟು, ಪೈಪುಗಳನ್ನು ಅದಕ್ಕೆ ತೂಗುಹಾಕಿದರು. ಎರಡೂ ಪೈಪುಗಳಿಗೆ ಸೇರಿಸಿ ಒಂದು ಅಡ್ಡ ಕಡ್ಡಿ.

ಊಟದ ಡಬ್ಬಿ ಹಿಡಿದು ನಾನು ಹೋದಾಗ ಎಂಜಿನ್ ಓಡುತ್ತಿತ್ತು. ಪೈಪಿನ ತುದಿಗಳು ನಡುಗುತ್ತಿದ್ದವು. ಭದ್ರ ಅದನ್ನು ನೋಡುತ್ತಾ ನಿಂತಿದ್ದ. ಅವನ ಮುಖ ನೋಡಿದರೆ ಯಾರೋ ಮೆಟ್ಟಿಲ ಮೇಲೆ ಜೋಲಿ ಹೊಡೆಯುತ್ತಿದ್ದಾರೇನೋ ಅನ್ನಿಸಬೇಕು.

"ಅಣ್ಣ, ಇದು ಅಲ್ಲಾಡ್ತಿದೆ," ಅಂದ, ಎಂಜಿನ್ ನಿಂತ ಮೇಲೆ.

"ಅಲ್ಲಾಡ್ಲಿ ಬಿಡೋ."

"ಉದುರಿ ಹೋದ್ರೆ?"

"ಎಲ್ಲಿಗೆ ಉದುರತ್ತೆ? ನೋಡು, ಎಂಜಿನ್ ಕೂತಿರೋದು ರಬ್ಬರ್ ಮೇಲೆ. ಅದು ಕುಣೀತಾನೇ ಇರತ್ತೆ. ಪೈಪೂ ಅದರ ಜೊತೆ ಕುಣಿದ್ರೆ ಯಾರಿಗೂ ನೋವಿಲ್ಲ. ನೀನು ಪೈಪನ್ನ ತಗೊಂಡೋಗಿ ವಿಮಾನದ ಚೌಕಟ್ಟಿಗೆ ಕಟ್ಟಿದೆ ಅನ್ಕೋ. ಚೌಕಟ್ಟು ನಿಂತಿರತ್ತೆ, ಎಂಜಿನ್ ಕುಣೀತಿರತ್ತೆ. ಮಧ್ಯೆ ಸಿಕ್ಕಿಬಿದ್ದ ಪೈಪು ಏನು ಮಾಡ್ಬೇಕು?"

"ಅತ್ತೆಗೂ ನನಗೂ ಮಧ್ಯೆ ನೀವು ಸಿಕ್ಕಿಬಿದ್ದಿದ್ರಲ್ಲ, ಹಾಗೆ," ಅಂದೆ ನಾನು. ನಮ್ಮವರು ಡಬ್ಬಿ ತೆರೆಯುತ್ತಾ ಜೋರಾಗಿ ನಕ್ಕರು. ಭದ್ರನೂ ನಕ್ಕ, ಆದರೆ ಕಣ್ಣು ಪೈಪಿನ ಮೇಲೇ ಇತ್ತು.

ನನಗೆ ಆ ಮಾತು ಹೇಳಿದ ತಕ್ಷಣ ಅರ್ಥವಾಗಿತ್ತು. ದಪ್ಪ ಬಟ್ಟೆಗೆ ತೆಳು ಬಟ್ಟೆ ಸೇರಿಸಿ ಬಿಗಿಯಾಗಿ ಹೊಲಿದರೆ ಹೊಲಿಗೆ ಹರಿಯುವುದಿಲ್ಲ, ಹೊಲಿಗೆಯ ಪಕ್ಕದ ತೆಳು ಬಟ್ಟೆ ಹರಿಯುತ್ತದೆ. ನನಗೆ ಅರ್ಥವಾದದ್ದು ಭದ್ರನಿಗೂ ಅರ್ಥವಾಗಿದೆ ಅಂದುಕೊಂಡೆ. "ಆಯ್ತಣ್ಣ" ಅಂದಿದ್ದನಲ್ಲ.

ಅವತ್ತು ನಮ್ಮವರಿಗೆ ನೆಗಡಿ. ಸಂಜೆ ಗಾಳಿ ಬೀಸಲು ಶುರುವಾದ ಕೂಡಲೇ ಮನೆಗೆ ಬನ್ನಿ ಅಂತ ನಾನೇ ಹಟ ಹಿಡಿದೆ. "ಬಾನೆಟ್ಟು ನಾನು ಮುಚ್ತೀನಿ, ನೀವಿಬ್ರೂ ಹೊರಡಿ," ಅಂದ ಭದ್ರ. ನಾವು ಹೊರಟೆವು.

ಮಾರನೆಯ ಬೆಳಿಗ್ಗೆ ಕೊರೆಯುವ ಚಳಿ. ಗುಡ್ಡದಾಚೆ ಇನ್ನೊಂದು ರನ್‌ವೇ ಇದೆ, ಅಲ್ಲಿಗೆ ಹೋಗಿ ಬರುತ್ತೇನೆ ಅಂತ ಹೊರಟರು. ಆ ವಿಮಾನದಲ್ಲಿ ಬೆಚ್ಚಗಿರಲು ಒಂದೇ ದಾರಿ. ಬಿಸಿ ಹೊಗೆ ಪೈಪಿಗೆ ಸುತ್ತ ಒಂದು ತಗಡಿನ ಅಂಗಿ ತೊಡಿಸಿದ್ದರು. ಅಂಗಿಗೂ ಪೈಪಿಗೂ ನಡುವೆ ಹೊರಗಿನ ಗಾಳಿ ಹಾದು, ಬಿಸಿಯಾಗಿ, ಕಾಲ ಬಳಿ ಬರುತ್ತಿತ್ತು. ಪೈಪು ಗಟ್ಟಿಯಾಗಿರುವವರೆಗೆ ಅದು ಗಾಳಿ. ಪೈಪು ಅಂಗಿಯೊಳಗೆ ಸೀಳಿದರೆ ಅದೇ ವಿಷ. ನೆಗಡಿ ಹಿಡಿದ ಮೂಗಿಗೆ ಯಾವ ವಾಸನೆ ಗೊತ್ತಾಗಬೇಕು.

ಗುಡ್ಡದಾಚೆಯವರು ಕಾದರು, ಇವರು ಬರಲಿಲ್ಲ. ಉತ್ತ ಹೊಲವೊಂದರಲ್ಲಿ ವಿಮಾನ ತನ್ನಷ್ಟಕ್ಕೆ ಇಳಿದು ಮಣ್ಣಿಗೆ ಮೂಗು ಊರಿ ನಿಂತಿತ್ತಂತೆ. ಹತ್ತಿರ ಹೋದವರು, ಒಳಗಿದ್ದವರು ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡರಂತೆ. ಒಂದು ಕಾಲು, ಎರಡು ಪಕ್ಕೆಲುಬು ಮುರಿದಿದ್ದವು. ನಾನು ಹೊಲಿದ ರೆಕ್ಕೆಯ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಇದನ್ನು ಯಾರೋ ನನಗೆ ಸಮಾಧಾನಕ್ಕೆ ಹೇಳಿದರು. ಅವರ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ತನಿಖೆಗೆ ಬಂದ ಅಧಿಕಾರಿ ಮೆಲ್ಲಗೆ ಮಾತಾಡುವ ಮನುಷ್ಯ. ನಮ್ಮವರಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಭದ್ರ ಆಸ್ಪತ್ರೆಯ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಹಾಗಾಗಿ ಶೆಡ್ಡಿಗೆ ಹೋದವಳು ನಾನು. ಟಾರ್ಪಾಲಿನ ಮೇಲೆ ಎಲ್ಲ ಬಿಡಿಸಿ ಇಟ್ಟಿದ್ದರು. ಅಂಗಿ ಬಿಚ್ಚಿದ ಪೈಪು ಅಲ್ಲಿತ್ತು. ಅದರ ಸುತ್ತಳತೆಯ ಮುಕ್ಕಾಲು ಭಾಗ ಸೀಳಿತ್ತು, ಹಳೆಯ ವೆಲ್ಡಿಂಗಿನ ಪಕ್ಕದಲ್ಲೇ. ಪೈಪಿನ ಕೆಳಗೊಂದು ಕ್ಲಾಂಪು, ಕ್ಲಾಂಪಿಗೆ ಒಂದು ದಪ್ಪ ಕಬ್ಬಿಣದ ಪಟ್ಟಿ. ಪಟ್ಟಿಯ ಇನ್ನೊಂದು ತುದಿಯನ್ನು ವಿಮಾನದ ಚೌಕಟ್ಟಿಗೆ ಬಿಗಿದಿದ್ದರು. ಅಲ್ಲಾಡದ ಹಾಗೆ.

"ಕಡ್ಡಿ, ರಬ್ಬರು, ಎಲ್ಲ ಬಹಳ ಚೆನ್ನಾಗಿ ಮಾಡಿದ್ದಾರಮ್ಮ," ಅಂದರು ಅಧಿಕಾರಿ. "ಇಷ್ಟು ಮಾಡಿದವರು ಮತ್ತೆ ಈ ಪಟ್ಟಿ ಯಾಕೆ ಹಾಕಿದ್ರೋ. ಇದೊಂದು ಇಲ್ದಿದ್ರೆ ಪೈಪಿಗೆ ಏನೂ ಆಗ್ತಿರ್ಲಿಲ್ಲ. ಯಾರು ಹಾಕಿದ್ದು ಗೊತ್ತಾ?"

ನಾನು ಬಗ್ಗಿ ನೋಡಿದೆ. ಪಟ್ಟಿಯ ನಾಲ್ಕು ಮೂಲೆಗಳೂ ದುಂಡಗಿದ್ದವು. ಅರದಲ್ಲಿ ಉಜ್ಜಿ, ಬೆರಳಿಟ್ಟು ಸವರಿ ನೋಡಿ, ಮತ್ತೆ ಉಜ್ಜಿದ ದುಂಡು.

"ನಮ್ಮವರೇ," ಅಂದೆ.

ಯೋಚಿಸಿ ಹೇಳಿದ್ದಲ್ಲ. ಯೋಚಿಸಿದ್ದರೂ ಅದನ್ನೇ ಹೇಳುತ್ತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಊಟ ಬಿಟ್ಟು ಕೂತಿದ್ದವನ ಮುಖ ಕಣ್ಣ ಮುಂದಿತ್ತು. ಅಧಿಕಾರಿ ತಲೆಯಾಡಿಸಿದರು. ರನ್‌ವೇಯಲ್ಲಿ ಮಾತು ಹಬ್ಬಿತು. ಪಾಪ, ಅಷ್ಟು ತಿಳಿದವರು, ಇಷ್ಟು ಚಿಕ್ಕದು ತಿಳೀಲಿಲ್ಲವಲ್ಲ ಅಂತ ಜನ ನನ್ನ ಮುಂದೆಯೇ ಲೊಚಗುಟ್ಟಿದರು. ನಾನು ಹಲ್ಲು ಕಚ್ಚಿ ಕೇಳಿಸಿಕೊಂಡೆ.

ಆಮೇಲೆ ನಮ್ಮವರು ಕಣ್ಣು ಬಿಟ್ಟರು. ನನ್ನನ್ನು ಗುರುತಿಸಿದರು. ಆಸ್ಪತ್ರೆಯ ಲಿಫ್ಟು ಸದ್ದು ಮಾಡುತ್ತದೆ, ಎಣ್ಣೆ ಹಾಕಿಲ್ಲ ಅಂತ ನರ್ಸಿಗೆ ಹೇಳಿದರು. ನಾನು ಅವತ್ತು ಅತ್ತಷ್ಟು ಬೇರೆ ಯಾವತ್ತೂ ಅತ್ತಿಲ್ಲ, ಖುಷಿಗೆ. ಮನೆಗೆ ಕರೆತಂದೆವು. ಕಾಲಿಗೆ ಪ್ಲಾಸ್ಟರು, ಬಾಯಿಗೆ ಬಿಡುವಿಲ್ಲ. ಅವರ ಮಾತೆಲ್ಲ ಒಂದೇ.

"ಎಲ್ಲಿ ಸೀಳಿತ್ತು ಕಣೇ? ನೀನು ನೋಡಿದ್ಯಾ?"

"ಮೊದಲು ಎದ್ದು ಓಡಾಡಿ. ಆಮೇಲೆ ಪೈಪಿನ ಪುರಾಣ."

"ನನ್ನ ಲೆಕ್ಕ ಎಲ್ಲೋ ತಪ್ಪಿದೆ. ತೂಗುಹಾಕಿದ್ದು ಸರಿಯಾಗೇ ಇತ್ತು. ಮತ್ತೆ ಯಾಕೆ ಸೀಳ್ತು? ನನಗೆ ಅದೊಂದು ತಿಳಿದ್ರೆ ಸಾಕು."

ಹಾಸಿಗೆಯ ಮೇಲೆ ಎರಡು ಚಮಚಗಳನ್ನು ಪೈಪಿನ ಹಾಗೆ ಇಟ್ಟುಕೊಂಡು ಒಂದನ್ನು ಅಲ್ಲಾಡಿಸಿ, ಇನ್ನೊಂದನ್ನು ಅಲ್ಲಾಡಿಸಿ ನೋಡುತ್ತಿದ್ದರು. ಭದ್ರ ಸೂಪಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ. ನಾನು ಅವನ ಮುಖ ನೋಡುತ್ತಿರಲಿಲ್ಲ. ಇವರು ಪೂರ್ತಿ ಗುಣವಾಗಲಿ, ಇವರಿಗೊಬ್ಬರಿಗೆ ಮೆಲ್ಲಗೆ ಹೇಳೋಣ, ತಮ್ಮನನ್ನು ಹೇಗೆ ಸಂಭಾಳಿಸಬೇಕೋ ಇವರೇ ನೋಡಿಕೊಳ್ಳುತ್ತಾರೆ ಅಂತ ನನ್ನ ಎಣಿಕೆ. ಕಾಲು ಕೂಡುವ ತನಕ ತಡೆಯೋಣ, ಅಷ್ಟೇ.

ಕಾಲು ಕೂಡಿತು. ಅಷ್ಟರಲ್ಲಿ ಮಾತು ಕಡಿಮೆಯಾಗಿತ್ತು. ಮೊದಲು ಅಂಗಿ ಗುಂಡಿ ಹಾಕಿಕೊಳ್ಳುವುದು ಮರೆತರು. ಆಮೇಲೆ ಬಚ್ಚಲಿಗೆ ಹೋಗಬೇಕಾದವರು ಅಡುಗೆಮನೆಗೆ ಬಂದು ನಿಂತರು. ಕೈ ನಡುಗಲು ಶುರುವಾಯಿತು, ಮೈ ಮರದ ಹಾಗೆ ಬಿಗಿಯಾಯಿತು. ಡಾಕ್ಟರ ಹತ್ತಿರ ಓಡಿದೆವು. ಹಲ್ಲಿನವರಲ್ಲ, ತಲೆಯವರು. ಕೆಲವರಿಗೆ ಹೀಗಾಗುತ್ತದಂತೆ. ಆ ಹೊಗೆ ಮೊದಲು ಬಿಟ್ಟ ಹಾಗೆ ಮಾಡಿ, ಕೆಲವು ವಾರ ಕಳೆದ ಮೇಲೆ ಮಿದುಳನ್ನು ಹಿಡಿಯುತ್ತದಂತೆ. ವಾಪಸು ಬರ್ತಾರಾ ಅಂತ ಕೇಳಿದೆ. ಅವರು ಮೇಜಿನ ಮೇಲಿದ್ದ ಪೆನ್ನನ್ನು ಸರಿಯಾಗಿ ಇಟ್ಟರು. ಅದೇ ಉತ್ತರ.

ತಮ್ಮ ಲೆಕ್ಕವೇ ತಪ್ಪಿತು ಅಂದುಕೊಂಡೇ ಅವರು ಒಳಗೆ ಮುಳುಗಿ ಹೋದರು. ನನ್ನ ಹೊಟ್ಟೆ ಉರಿಯುವುದು ಅದಕ್ಕೆ. ಮಿಕ್ಕಿದ್ದನ್ನೆಲ್ಲ ನಾನು ಹೇಗೋ ನುಂಗುತ್ತೇನೆ.

ಈಗ ಭದ್ರ ಇಲ್ಲದಿದ್ದರೆ ನನ್ನ ದಿನ ಉರುಳುವುದಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಅಣ್ಣನನ್ನು ಎತ್ತಿ ಬಚ್ಚಲಿಗೆ ಒಯ್ದು ಸ್ನಾನ ಮಾಡಿಸುತ್ತಾನೆ. ಗೋಡೆಗೆ ಅವನೇ ಕಂಬಿ ಹಾಕಿದ್ದಾನೆ, ಮಳೆಗಾಲದ ಗುಡುಗಿಗೂ ಅಲ್ಲಾಡದ ಕಂಬಿ. ನೀರಿನ ಸದ್ದಿನ ನಡುವೆ ಅವನ ಗೊಣಗು ಕೇಳುತ್ತಿರುತ್ತದೆ. ಅಣ್ಣನಿಗೆ ಅಂಗಡಿಯ ಕಥೆ ಹೇಳುತ್ತಾನೆ, ಹೇಳಿಕೊಳ್ಳಲಿ, ಅವನಿಗೂ ಯಾರಿದ್ದಾರೆ ಅಂದುಕೊಂಡು ನಾನು ಒಲೆಯ ಕಡೆ ನೋಡಿಕೊಳ್ಳುತ್ತೇನೆ.

ಊಟ ಮಾಡಿಸುವುದೂ ಅವನಿಗೇ ಚೆನ್ನಾಗಿ ಬರುತ್ತದೆ. ಚಮಚ ತಾವೇ ಹಿಡಿಯಬೇಕು ಅನ್ನುವ ಹಟ ಇವರಲ್ಲಿ ಹೇಗೋ ಉಳಿದಿದೆ. ಕೈ ನಡುಗಿ ಚೆಲ್ಲುತ್ತದೆ. ನಾನು ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರೆ ನಡುಕ ಇನ್ನೂ ಜಾಸ್ತಿಯಾಗಿ ಸೂಪೆಲ್ಲ ಎದೆಯ ಮೇಲೆ. ಅವರು ಮನೆಗೆ ಬಂದು ನಡುಕ ಶುರುವಾದ ಹೊಸದರಲ್ಲೇ ಒಂದು ದಿನ ಭದ್ರ ನನ್ನ ಕೈ ಬಿಡಿಸಿದ್ದ.

"ಬಿಗಿ ಹಿಡೀಬೇಡಿ ಅತ್ತಿಗೆ. ಅವನ ಕೈ ಹೋದ ಕಡೆ ನಿಮ್ಮ ಕೈ ಹೋಗ್ಲಿ."

ತನ್ನ ಅಂಗೈಯನ್ನು ಅವರ ಕೈ ಕೆಳಗೆ ಸುಮ್ಮನೆ ಇಟ್ಟ. ಅವರ ಕೈ ನಡುಗಿದ ಹಾಗೆ ಅವನದೂ ನಡುಗಿತು. ಚಮಚ ನೆಟ್ಟಗೆ ಬಾಯಿಗೆ ಹೋಯಿತು. ಇವನು ಇದನ್ನು ಯಾವ ಆಸ್ಪತ್ರೆಯಲ್ಲಿ ಕಲಿತು ಬಂದನಪ್ಪಾ ಅಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ನನ್ನ ತಲೆಗೆ ಏನಾಗಿತ್ತೋ.

ಇಂಥವನ ಹತ್ತಿರ, ನಿನ್ನ ಕೈಯಾರೆ ಅಣ್ಣನನ್ನು ಹೀಗೆ ಮಾಡಿದೆ ಅಂತ ಹೇಳುವುದು ಹೇಗೆ. ಹೇಳಿದರೆ ಅವನು ಉಳಿಯುವುದಿಲ್ಲ. ಇದು ಗಾಬರಿಯ ಮಾತಲ್ಲ, ಅವನನ್ನು ನಾನು ಬಲ್ಲೆ. ಎಂದೋ ಒಂದು ಆಸ್ಪತ್ರೆ ಮಂಚದ ಚಕ್ರ ಕಳಚಿತು ಅಂತ ವಾರಗಟ್ಟಲೆ ಅನ್ನ ಬಿಟ್ಟವನು. ಹಾಗಾಗಿ ನುಂಗಿಕೊಂಡು ಕೂತಿದ್ದೆ, ಸಾಯುವ ತನಕ ನುಂಗಿಕೊಂಡಿರುತ್ತೇನೆ ಅಂತ ನಿರ್ಧಾರವನ್ನೂ ಮಾಡಿದ್ದೆ. ಆ ಹೊತ್ತಿಗೆ ಈ ಹಲ್ಲಿನ ಡಾಕ್ಟರು ಮಗಳ ಸ್ಕರ್ಟು ಹಿಡಿದು ಬಂದರು.

ಈ ಸಲ ನುಂಗುವ ಹಾಗಿರಲಿಲ್ಲ. ಭದ್ರ ಅಲ್ಲೂ ಒಂದು ಪಟ್ಟಿ ಹಾಕುತ್ತಾನೆ. ಮೂಲೆ ಉಜ್ಜಿ, ಜಗ್ಗಿ ನೋಡಿ, ಭದ್ರ ಆಯ್ತು ಬಿಡಿ ಅನ್ನುತ್ತಾನೆ. ಡಾಕ್ಟರು ಒಂದು ಚಳಿಯ ಬೆಳಿಗ್ಗೆ ಹಾರುತ್ತಾರೆ. ಆಮೇಲೆ ಆ ಸ್ಕರ್ಟಿನ ಹುಡುಗಿಯ ಮನೆಯಲ್ಲೂ ಕಿಟಕಿ ಪಕ್ಕ ಒಂದು ಕುರ್ಚಿ ಬೀಳುತ್ತದೆ. ಅಂಚು ಬಿಚ್ಚುತ್ತಾ ಕೂತರೆ ದಾರ ಕಾಣುತ್ತಿರಲಿಲ್ಲ, ಕಣ್ಣು ಅಷ್ಟು ಮಂಜಾಗುತ್ತಿತ್ತು. ಮೈದುನನ ಜೀವವೋ ಆ ಹುಡುಗಿಯ ಅಪ್ಪನ ಜೀವವೋ ಅಂತ ನನ್ನ ಮುಂದೆ ಇಟ್ಟ ಹಾಗಾಗಿತ್ತು. ಬೇರೆ ಯಾರಿಂದಲಾದರೂ ಹೇಳಿಸೋಣವೆಂದರೆ, ಪಟ್ಟಿ ಹಾಕಿದ್ದು ನಮ್ಮವರಲ್ಲ ಅಂತ ಗೊತ್ತಿದ್ದವಳು ನಾನೊಬ್ಬಳೇ.

ರಜೆಯ ದಿನ ಬೆಳಿಗ್ಗೆ ಪಕ್ಕದ ಮನೆಯವರನ್ನು ಇವರ ಹತ್ತಿರ ಕೂರಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. "ನೋಡಪ್ಪಾ, ನೀನು ಬೇಕಂತ ಮಾಡಿದ್ದಲ್ಲ" ಅಂತ ಶುರು ಮಾಡಬೇಕು. ಛೇ, ಹಾಗೆ ಶುರು ಮಾಡಿದರೆ ಅಲ್ಲೇ ಕುಸಿದುಬಿಡುತ್ತಾನೆ. "ಪಟ್ಟಿ ಹಾಕಬೇಡ" ಅಂತಷ್ಟೇ ಹೇಳಿದರೆ ಯಾಕೆ ಅಂತ ಕೇಳುತ್ತಾನೆ. ಬಸ್ಸು ಇಳಿಯುವ ಹೊತ್ತಿಗೆ ಒಂದು ವಾಕ್ಯವೂ ಉಳಿದಿರಲಿಲ್ಲ. ಹುಲ್ಲಿನ ಮೇಲೆ ನಡೆಯುವಾಗ ನಮ್ಮ ಶೆಡ್ಡಿನ ಬೀಗ ತುಕ್ಕು ಹಿಡಿದದ್ದು ಕಂಡಿತು. ಅತ್ತ ನೋಡದೆ ಮುಂದೆ ಹೋದೆ.

ಡಾಕ್ಟರು ಇರಲಿಲ್ಲ. ಬಾನೆಟ್ಟು ತೆಗೆದ ವಿಮಾನದ ಮೂಗಿನ ಬಳಿ ಭದ್ರ ಒಬ್ಬನೇ ಸ್ಪ್ಯಾನರು ಒರೆಸುತ್ತಾ ಕೂತಿದ್ದ. ನನ್ನನ್ನು ಕಂಡು ಗಾಬರಿಯಿಂದ ಎದ್ದ.

"ಅಣ್ಣನಿಗೆ ಏನಾಯ್ತು?"

"ಏನೂ ಆಗಿಲ್ಲ. ಪಕ್ಕದ ಮನೆಯವರಿದ್ದಾರೆ. ನಾನು ಸುಮ್ನೆ ಬಂದೆ."

ಸುಮ್ಮನೆ ಎರಡು ಬಸ್ಸು ಬದಲಾಯಿಸಿ ಯಾರೂ ಬರುವುದಿಲ್ಲ. ಎದ್ದವನು ಹಾಗೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದ, ನನಗೆ ಕಾಣಲಿ ಅನ್ನುವ ಹಾಗೆ.

ನಾನು ಮಂಡಿಯೂರಿ ಬಗ್ಗಿ ನೋಡಿದೆ. ಎಂಜಿನ್ನಿನ ಹೊಟ್ಟೆಯಿಂದ ಕಡ್ಡಿಗಳು ಇಳಿದಿದ್ದವು. ನಡುವೆ ರಬ್ಬರ್ ತುಂಡು. ಕಡ್ಡಿಯ ತುದಿಯ ಕ್ಲಾಂಪುಗಳಲ್ಲಿ ಪೈಪುಗಳು. ಎರಡಕ್ಕೂ ಸೇರಿಸಿ ಒಂದು ಅಡ್ಡ ಕಡ್ಡಿ. ಚೌಕಟ್ಟಿನ ಕಡೆಗೆ ಒಂದು ತಂತಿಯೂ ಹೋಗಿರಲಿಲ್ಲ. ಕ್ಲಾಂಪಿನ ಮೂಲೆಗಳು ಮಾತ್ರ ದುಂಡಗಿದ್ದವು. ನಾನು ಕೈ ಚಾಚಿ ಪೈಪಿನ ತುದಿಯನ್ನು ತಳ್ಳಿದೆ. ಅಲ್ಲಾಡಿತು.

"ಅಲ್ಲಾಡತ್ತಲ್ಲೋ," ಅಂದೆ.

"ಅಲ್ಲಾಡ್ಬೇಕು ಅತ್ತಿಗೆ."

ನಾನು ನೆಲದಿಂದ ಏಳಲಿಲ್ಲ. ಅವನೂ ಎದುರಿಗೆ ಕೂತ. ಸ್ಪ್ಯಾನರನ್ನು ಬಟ್ಟೆಯಲ್ಲಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

"ಯಾವಾಗ ಗೊತ್ತಾಯ್ತು?" ಅಂದೆ.

"ಆಸ್ಪತ್ರೆಲಿದ್ದಾಗಲೇ. ನೀವು ಹೋಗಿ ಬಂದ ಮೇಲೆ ಆ ಅಧಿಕಾರಿ ನನ್ನನ್ನೂ ಕರೆಸಿದ್ರು. ಪೈಪು ತೋರಿಸಿದ್ರು. ನೋಡಿದ ಕೂಡ್ಲೇ ಗೊತ್ತಾಯ್ತು. ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ, ಇದನ್ನ ನಿಮ್ಮಣ್ಣನೇ ಹಾಕಿದ್ದಂತೆ, ನಿಮ್ಮ ಅತ್ತಿಗೆ ಹೇಳಿದ್ರು ಅಂದ್ರು." ಅವನು ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿದ. "ನಾನು ಹೂಂ ಅಂದೆ."

"ಉದುರಿ ಹೋಗತ್ತೆ ಅಂತ ಹಾಕಿದ್ಯಾ?"

"ಅದು ನಡುಗೋದು ನೋಡೋಕಾಗ್ಲಿಲ್ಲ ಅತ್ತಿಗೆ. ಅಣ್ಣ ಅದರ ಹಿಂದೆ ಕೂತ್ಕೋತಾನೆ ಅಂತ. ಅಣ್ಣ ಹೇಳಿದ್ದು ಹೇಳಿದ, ಒಂದು ಪಟ್ಟಿ ಜಾಸ್ತಿ ಇದ್ರೆ ತಪ್ಪೇನು ಅನ್ನಿಸ್ತು."

ಸಿಟ್ಟು ಬರಬೇಕಿತ್ತು, ಬಂತು. ಆದರೆ ಪಟ್ಟಿಯ ಮೇಲಲ್ಲ.

"ಅವರು ಚಮಚ ಇಟ್ಕೊಂಡು ದಿನಾ ಕೇಳ್ತಿದ್ರಲ್ಲೋ. ಎಲ್ಲಿ ತಪ್ಪಿತು, ಎಲ್ಲಿ ತಪ್ಪಿತು ಅಂತ. ಆಗ ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ನೀವು ನನ್ನನ್ನ ಉಳಿಸೋಕೆ ಹೇಳಿದ ಮಾತು. ನಾನು ಬಾಯಿ ಬಿಟ್ರೆ ನೀವು ಸುಳ್ಳು ಹೇಳಿದ್ದು ಅಣ್ಣನಿಗೆ ಗೊತ್ತಾಗತ್ತೆ. ನೀವೇ ಒಂದಿನ ಹೇಳ್ತೀರಿ ಅಂತ ಕಾಯ್ತಿದ್ದೆ."

ಆಗೆಲ್ಲ ಬಾಗಿಲಲ್ಲಿದ್ದ ಅವನ ಮುಖ ನೋಡದೆ ನಾನು ನಿಂತಿದ್ದೆ. ಅವನು ಬಟ್ಟಲು ಹಿಡಿದು ನಾನು ಹೇಳಲಿ ಅಂತ ನಿಂತಿದ್ದ. ನಡುವೆ ಹಾಸಿಗೆಯ ಮೇಲೆ ಆ ಮನುಷ್ಯ ಇಬ್ಬರ ಮುಖವನ್ನೂ ನೋಡುತ್ತಾ ಕೇಳುತ್ತಿದ್ದರು. ಒಬ್ಬರು ಬಾಯಿ ಬಿಟ್ಟಿದ್ದರೆ ಸಾಕಿತ್ತು. ತಮ್ಮನಿಗೆ ಎರಡು ಬೈದು, ನಾಲ್ಕು ದಿನ ಮುಖ ಊದಿಸಿಕೊಂಡು, ಆಮೇಲೆ ನನ್ನ ಲೆಕ್ಕ ಸರಿಯಿತ್ತಲ್ಲ ಅಂತ ನೆಮ್ಮದಿಯಾಗಿ ನಗುತ್ತಿದ್ದರು. ಅವರನ್ನು ನಾನು ಬಲ್ಲೆ. ಆ ನಗುವನ್ನು ನಾವಿಬ್ಬರೂ ಸೇರಿ ಕಿತ್ತುಕೊಂಡೆವು.

"ಈಗ ಹೇಳ್ತೀನಿ ಅತ್ತಿಗೆ," ಅಂದ ಭದ್ರ.

"ಯಾರಿಗೆ?"

"ಅಣ್ಣನಿಗೆ. ದಿನಾ ಹೇಳ್ತೀನಿ. ಸ್ನಾನ ಮಾಡಿಸುವಾಗ."

ಅವನು ಅಳಲಿಲ್ಲ. ಅತ್ತಿದ್ದರೆ ತಲೆ ಸವರುತ್ತಿದ್ದೆ. ಸ್ಪ್ಯಾನರನ್ನು ಪೆಟ್ಟಿಗೆಯಲ್ಲಿಟ್ಟು, "ಹೊತ್ತಾಯ್ತು, ಅಣ್ಣನ ಊಟ," ಅಂದ. ಇಬ್ಬರೂ ಒಟ್ಟಿಗೇ ಮನೆಗೆ ಬಂದೆವು. ಅವನ ಅಣ್ಣನ ಹೆಸರಿಗೆ ಅಂಟಿದ ತಪ್ಪನ್ನು ಆ ಅಧಿಕಾರಿಗೆ ಹೇಳಿ ಅಳಿಸಿಬಿಡಬಹುದು, ಅದನ್ನು ಇಬ್ಬರೂ ಹೋಗಿ ಮಾಡುತ್ತೇವೆ ಕೂಡ. ಆದರೆ ಯಾರಿಗೆ ಅದು ತಿಳಿಯಬೇಕಿತ್ತೋ ಅವರಿಗೆ ತಿಳಿಸುವ ದಾರಿ ಮುಚ್ಚಿಹೋಗಿದೆ. ಎಂಥ ವೆಲ್ಡಿಂಗೂ ಅದನ್ನು ಕೂಡಿಸುವುದಿಲ್ಲ.

ಮಾರನೆಯ ಬೆಳಿಗ್ಗೆ ಎಂದಿನಂತೆ ಅವನು ಅಣ್ಣನನ್ನು ಎತ್ತಿಕೊಂಡು ಬಚ್ಚಲಿಗೆ ಹೋದ. ನಾನು ಒಲೆ ಆರಿಸಿ, ಒಣಗಿದ ಟವೆಲು ತೆಗೆದುಕೊಂಡು ಬಾಗಿಲ ಹೊರಗೆ ಹೋಗಿ ನಿಂತೆ. ತಂಬಿಗೆಯಿಂದ ನೀರು ಸುರಿಯುವ ಸದ್ದು ನಿಂತಾಗ ಅವನ ದನಿ ಕೇಳಿಸಿತು. ಮಕ್ಕಳಿಗೆ ಹೇಳುವ ಹಾಗೆ, ಬಿಡಿಬಿಡಿಯಾಗಿ ಹೇಳುತ್ತಿದ್ದ.

"ಅಣ್ಣ, ಆ ಪಟ್ಟಿ ಹಾಕಿದ್ದು ನಾನು. ನಿನ್ನ ಲೆಕ್ಕ ಸರಿಯಾಗೇ ಇತ್ತು. ತಪ್ಪು ನಂದು. ಕೇಳಿಸ್ತಾ?"

ಒಳಗಿಂದ ಅವರು "ಹೂಂ" ಅಂದರು.

ಮತ್ತೆ ನೀರು ಸುರಿಯುವ ಸದ್ದು ಶುರುವಾಯಿತು. ನಾನು ಟವೆಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.